ಗೋಬರ್ ಗ್ಯಾಸಿಗೂ ಮಂಗಳ ಗ್ರಹಕ್ಕೂ ಏನು ನಂಟು?

ಕೊಟ್ಟಿಗೆಯ ಹಿಂದಿರುವ ಗೋಬರ್ ಗ್ಯಾಸ್ ಗುಂಡಿಗೂ ಕೋಟ್ಯಂತರ ಕಿಲೋಮೀಟರ್ ಆಚೆಗಿರುವ ಮಂಗಳ ಗ್ರಹಕ್ಕೂ ನಂಟಿದೆ ಎಂದರೆ ಮಕ್ಕಳು ನಗುತ್ತಾರೆ. ದೊಡ್ಡವರು, ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆದರೆ ಇದು ತಮಾಷೆಯ ಮಾತಲ್ಲ. ಕುಂತೂರಿನಂಥ ಊರುಗಳಲ್ಲಿ ಸಗಣಿಯಿಂದ ಹುಟ್ಟಿ, ಅಡುಗೆಮನೆಯ ಒಲೆಯಲ್ಲಿ ನೀಲಿಯಾಗಿ ಉರಿಯುವ ಅನಿಲ ಯಾವುದೋ, ಅದೇ ಅನಿಲ ಮಂಗಳದಲ್ಲೂ ಇದೆಯೇ ಎಂದು ನೋಡಿಬರಲು ನಮ್ಮ ದೇಶದ ನೌಕೆಯೊಂದು 2013ರಲ್ಲಿ ಹೊರಟಿತು. ಆ ಅನಿಲದ ಹೆಸರು ಮೀಥೇನ್.

ಅನ್ಯಗ್ರಹ ಜೀವಿ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾದಲ್ಲಿ ಬರುವ ದೊಡ್ಡ ತಲೆಯ, ಉಬ್ಬುಗಣ್ಣಿನ ವಿಚಿತ್ರ ಪ್ರಾಣಿ. ನಮ್ಮ ಸೌರವ್ಯೂಹದಲ್ಲಿ ವಿಜ್ಞಾನಿಗಳು ಹುಡುಕುತ್ತಿರುವುದು ಅಂಥದ್ದನ್ನಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯನ್ನು ಅಥವಾ ಎಂದೋ ಬದುಕಿ ಅಳಿದುಹೋದ ಸೂಕ್ಷ್ಮಜೀವಿ ಬಿಟ್ಟುಹೋದ ಗುರುತನ್ನು. ಹೊಲದಲ್ಲಿ ಹಂದಿ ಕಾಣದಿದ್ದರೂ ಕೆದರಿದ ಮಣ್ಣು ನೋಡಿ ರಾತ್ರಿ ಹಂದಿ ಬಂದಿತ್ತೆಂದು ರೈತ ಹೇಳುವುದಿಲ್ಲವೇ? ಹಾಗೆಯೇ ಇದು. ಆದರೆ ಒಂದು ತೊಡಕಿದೆ. ಮಣ್ಣನ್ನು ಹಂದಿಯೇ ಕೆದರಬೇಕೆಂದಿಲ್ಲ, ರಾತ್ರಿಯ ಮಳೆ ನೀರೂ ಕೊಚ್ಚಿರಬಹುದು. ಜೀವಿ ಇಲ್ಲದೆಯೂ ಈ ಗುರುತು ಉಂಟಾಗಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ‘ಜೀವಿ ಸಿಕ್ಕಿತು’ ಎನ್ನುವಂತಿಲ್ಲ. ಕಳೆದ ಅರ್ಧ ಶತಮಾನದ ಹುಡುಕಾಟವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಗುಂಡಿಯೊಳಗಿನ ಕೆಲಸಗಾರರು

ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿಗೆ ನೀರು ಕಲಸಿ, ಗಾಳಿಯಾಡದಂತೆ ಮುಚ್ಚಿಡುತ್ತೇವೆ. ಆಮ್ಲಜನಕವಿಲ್ಲದ ಆ ಕತ್ತಲಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಮೀಥೇನ್ ತಯಾರಿಸುತ್ತವೆ. ಆಮ್ಲಜನಕ ಅವಕ್ಕೆ ವಿಷ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ, ಕೆರೆಯ ತಳದ ಹೂಳಿನಲ್ಲಿ, ಮೆಲುಕು ಹಾಕುವ ದನದ ಹೊಟ್ಟೆಯಲ್ಲಿ ಇರುವುದೂ ಇಂಥ ಜೀವಿಗಳೇ. ಕೆರೆಯಂಚಿನ ಕೆಸರಿನಲ್ಲಿ ಕಾಲಿಟ್ಟಾಗ ಗುಳುಗುಳು ಎಂದು ಮೇಲೇಳುವ ಗುಳ್ಳೆಗಳಲ್ಲೂ ಮೀಥೇನ್ ಇರುತ್ತದೆ.

ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಜಲಜನಕದ ಪರಮಾಣುಗಳು ಅಂಟಿಕೊಂಡರೆ ಮೀಥೇನ್ ಅಣು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮತ್ತು ವಾಯುಮಂಡಲದ ರಾಸಾಯನಿಕ ಕ್ರಿಯೆಗಳು ಅದನ್ನು ಕ್ರಮೇಣ ಒಡೆದುಹಾಕುತ್ತವೆ. ಮಂಗಳದಲ್ಲಿ ಅದು ಹೀಗೆ ನಾಶವಾಗಲು ಸುಮಾರು 300 ವರ್ಷ ಸಾಕೆಂದು ಲೆಕ್ಕ ಹಾಕಿದ್ದಾರೆ. ಗ್ರಹದ ವಯಸ್ಸು 450 ಕೋಟಿ ವರ್ಷ. ಆದ್ದರಿಂದ ಅಲ್ಲಿ ಇಂದು ಮೀಥೇನ್ ಕಂಡರೆ, ಇತ್ತೀಚಿನವರೆಗೂ ಏನೋ ಒಂದು ಅದನ್ನು ಹೊರಗೆ ಬಿಡುತ್ತಿದೆ ಎಂದಾಯಿತು.

ಆ ‘ಏನೋ ಒಂದು’ ನೆಲದಡಿಯ ಸೂಕ್ಷ್ಮಜೀವಿ ಇರಬಹುದು. ಬರಿಯ ಕಲ್ಲೂ ಇರಬಹುದು! ಆಲಿವಿನ್ ಎಂಬ ಖನಿಜವುಳ್ಳ ಕಲ್ಲಿಗೆ ನೆಲದಾಳದಲ್ಲಿ ನೀರು ತಾಗಿದರೆ ಜಲಜನಕ ಬಿಡುಗಡೆಯಾಗುತ್ತದೆ. ಅದು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೀಥೇನ್ ಆಗಬಲ್ಲುದು. ಇಲ್ಲಿ ಜೀವಿಯ ಹಂಗೇ ಇಲ್ಲ.

ಬ್ಯಾಲಾಳಿಗೆ ಬಂದ ಸುದ್ದಿ

ಮಂಗಳದಲ್ಲಿ ಮೀಥೇನ್ ಇರುವಂತಿದೆ ಎಂದು 2004ರಲ್ಲಿ ಯೂರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ತಂಡವೂ ಭೂಮಿಯ ದೂರದರ್ಶಕಗಳಿಂದ ನೋಡಿದವರೂ ಹೇಳಿದರು. ಪ್ರಮಾಣ ತೀರಾ ಅಲ್ಪ, 100 ಕೋಟಿ ಅಣುಗಳಲ್ಲಿ ಸುಮಾರು 10. ಇದನ್ನು ಒರೆಗೆ ಹಚ್ಚಲೆಂದೇ ಇಸ್ರೊದ ಮಂಗಳಯಾನದಲ್ಲಿ ಮೀಥೇನ್ ಸಂವೇದಕವೊಂದನ್ನು ಇಡಲಾಯಿತು. ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದಲ್ಲಿ ತಯಾರಾದ ಆ ಉಪಕರಣದ ತೂಕ 3 ಕಿಲೋಗ್ರಾಂ ಒಳಗೆ. ನೌಕೆಯಲ್ಲಿದ್ದ ಐದೂ ಉಪಕರಣಗಳನ್ನು ಒಟ್ಟು ಸೇರಿಸಿದರೂ 15 ಕಿಲೋಗ್ರಾಂ, ಅಂದರೆ ಅರ್ಧ ಮೂಟೆ ಅಕ್ಕಿಗಿಂತ ಕಡಿಮೆ.

ಮಂಗಳಯಾನ 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟು, 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಮೊದಲ ಯತ್ನದಲ್ಲೇ ಮಂಗಳವನ್ನು ತಲುಪಿದ ಹೆಮ್ಮೆ ನಮ್ಮದಾಯಿತು. ಆ ದಿನ ನೌಕೆ ಇದ್ದದ್ದು ಸುಮಾರು 22 ಕೋಟಿ ಕಿಲೋಮೀಟರ್ ದೂರದಲ್ಲಿ. ಬೆಳಕಿನ ವೇಗದಲ್ಲಿ ಸಾಗುವ ರೇಡಿಯೊ ಸಂಕೇತಕ್ಕೂ ಅಲ್ಲಿಂದ ಇಲ್ಲಿಗೆ ಬರಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಬೃಹತ್ ಆಂಟೆನಾ ಆ ಕ್ಷೀಣ ದನಿಗೆ ಕಿವಿಗೊಟ್ಟು ಕುಳಿತಿತ್ತು.

ಮೀಥೇನನ್ನು ದೂರದಿಂದ ಗುರುತಿಸುವುದು ಹೇಗೆ? ಪ್ರತಿ ಅನಿಲವೂ ಬಿಸಿಲಿನ ರೋಹಿತದಲ್ಲಿ ತನ್ನದೇ ಆದ ಕೆಲವು ಗೆರೆಗಳನ್ನು ನುಂಗಿಹಾಕುತ್ತದೆ. ನುಂಗಿದ ಗೆರೆ ನೋಡಿ ಅನಿಲ ಯಾವುದೆಂದು ಹೇಳಬಹುದು. ಆದರೆ ಮಂಗಳದ ವಾಯುಮಂಡಲದಲ್ಲಿ 100ಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡ್. ಅದರ ಗೆರೆಗಳ ನಡುವೆ ಮೀಥೇನಿನ ಗೆರೆ ಹುಡುಕುವುದೆಂದರೆ, ಸಂತೆಯ ಗದ್ದಲದಲ್ಲಿ ಮಗುವೊಂದರ ಪಿಸುಮಾತನ್ನು ಕೇಳಿಸಿಕೊಂಡಂತೆ. ನಮ್ಮ ಸಂವೇದಕದ ಏರ್ಪಾಡಿನಿಂದ ಇವೆರಡನ್ನು ನಂಬಿಕೆಗೆ ಅರ್ಹವಾಗಿ ಬೇರ್ಪಡಿಸಲು ಆಗುತ್ತಿಲ್ಲ ಎಂಬ ಸಂಗತಿ 2016ರಲ್ಲಿ ಹೊರಬಂತು. ಅದರ ಮಾಹಿತಿಯನ್ನು ವಿಜ್ಞಾನಿಗಳು ಬೇರೆ ಕೆಲಸಕ್ಕೆ ಬಳಸಿಕೊಂಡರು. ಮಂಗಳದ ನೆಲ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಲನ್ನು ಪ್ರತಿಫಲಿಸುತ್ತದೆ ಎಂಬ ನಕ್ಷೆ ತಯಾರಾಯಿತು.

ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಹಂಗಾದ್ರೆ ನಮ್ ಮಂಗಳಯಾನ ಫೇಲಾ ಸಾರ್?” ಎಂದು ಕೇಳಿದಳು. ಅವಳ ಮುಖದಲ್ಲಿ ಬೇಸರವಿತ್ತು. ಆರು ತಿಂಗಳಿಗೆಂದು ಕಳುಹಿಸಿದ ನೌಕೆ ಸುಮಾರು ಎಂಟು ವರ್ಷ, 2022ರ ಏಪ್ರಿಲ್‌ವರೆಗೆ, ದುಡಿಯಿತು. ಅಷ್ಟು ದೂರ ಹೋಗಿ ಕಕ್ಷೆ ಸೇರುವ ವಿದ್ಯೆ ನಮ್ಮವರಿಗೆ ಕೈವಶವಾಯಿತು. ಇದನ್ನೆಲ್ಲ ಅವಳಿಗೆ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿದೆ. ಇಡೀ ದೇಶ ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ ‘ಮೀಥೇನ್ ಸಿಕ್ಕಿತು’ ಎಂದು ಹೇಳಿಬಿಡುವುದು ಬಲು ಸುಲಭವಿತ್ತು. ಇಸ್ರೊ ಹಾಗೆ ಹೇಳಲಿಲ್ಲ. ಅಳೆಯಲಾಗದ್ದನ್ನು ಅಳೆದೆ ಎನ್ನದಿರುವುದೂ ವಿಜ್ಞಾನದ ಒಂದು ಗೆಲುವೇ.

ಮೀಥೇನಿನ ಒಗಟು ಇಂದಿಗೂ ಬಿಡಿಸಿಲ್ಲ. ಮಂಗಳದ ನೆಲದ ಮೇಲೆ ಓಡಾಡುವ ಅಮೆರಿಕದ ಕ್ಯೂರಿಯಾಸಿಟಿ ರೋವರ್ 2019ರ ಜೂನಿನಲ್ಲಿ 100 ಕೋಟಿಯಲ್ಲಿ 21 ಪಾಲಿನಷ್ಟು ಮೀಥೇನ್ ಅಳೆಯಿತು. ಕೆಲವೇ ದಿನಗಳಲ್ಲಿ ಅದು ಮಾಯ! ಅದೇ ವರ್ಷ, ಮೇಲಿನಿಂದ ಸುತ್ತುತ್ತಿರುವ ಯೂರೋಪ್-ರಷ್ಯಾಗಳ ಟ್ರೇಸ್ ಗ್ಯಾಸ್ ಆರ್ಬಿಟರ್‌ನ ವಿಜ್ಞಾನಿಗಳು ತಮಗೆ ಮೀಥೇನ್ ಕಾಣಲೇ ಇಲ್ಲ ಎಂದು ವರದಿ ಮಾಡಿದರು. ಅದು ಬಲು ಸೂಕ್ಷ್ಮ ಉಪಕರಣ. ರೋವರಿನ ಉಪಕರಣದೊಳಗೇ ಭೂಮಿಯಿಂದ ಹೋದ ಮೀಥೇನ್ ಉಳಿದಿರಬಹುದೇ ಎಂಬ ಅನುಮಾನ ಎತ್ತಿದವರೂ ಇದ್ದಾರೆ. ಒಂದು ಉಪಕರಣ ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಜೀವಿಯ ಮಾತು ಹಾಗಿರಲಿ, ಅನಿಲ ಇದೆಯೇ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ವೈಕಿಂಗ್ ಕಲಿಸಿದ ಪಾಠ

ಇಂಥ ಗೊಂದಲ ಹೊಸದೇನಲ್ಲ. 1976ರಲ್ಲಿ ಅಮೆರಿಕದ ವೈಕಿಂಗ್-1 ಮತ್ತು ವೈಕಿಂಗ್-2 ನೌಕೆಗಳು ಮಂಗಳದಲ್ಲಿ ಇಳಿದವು. ಅವು ಮಾಡಿದ ಒಂದು ಪ್ರಯೋಗ ಹೀಗಿತ್ತು. ಒಂದು ಚಿಟಿಕೆ ಮಣ್ಣಿಗೆ ಪೋಷಕ ದ್ರವದ ಹನಿ ಹಾಕುವುದು. ಮಣ್ಣಿನಲ್ಲಿ ಸೂಕ್ಷ್ಮಜೀವಿ ಇದ್ದರೆ ಅದು ಉಂಡು ಅನಿಲ ಬಿಡಬೇಕು. ಹನಿ ಬಿದ್ದೊಡನೆ ಅನಿಲ ಬಂದೇಬಿಟ್ಟಿತು! ಮಣ್ಣನ್ನು ಮೊದಲೇ 160 ಡಿಗ್ರಿಗೆ ಕಾಯಿಸಿ ನೋಡಿದರು, ಅನಿಲ ಬರಲಿಲ್ಲ. ಜೀವಿ ಸತ್ತಿತು ಎಂದುಕೊಳ್ಳಬಹುದಿತ್ತು.

ಆದರೆ ಎರಡನೆಯ ಬಾರಿ ಪೋಷಕ ದ್ರವ ಹಾಕಿದಾಗ ಹೊಸದಾಗಿ ಅನಿಲ ಉಕ್ಕಲಿಲ್ಲ. ಮತ್ತೆ ಊಟ ಬಡಿಸಿದರೆ ಉಣ್ಣದ ಜೀವಿ ಎಂಥದ್ದು? ಸಾಲದ್ದಕ್ಕೆ, ಜೀವಿಗಳ ಒಡಲಾದ ಸಾವಯವ ವಸ್ತುವೇ ಮಣ್ಣಿನಲ್ಲಿಲ್ಲ ಎಂದು ಇನ್ನೊಂದು ಉಪಕರಣ ಹೇಳಿತು. ಮಣ್ಣಿನ ತೀಕ್ಷ್ಣ ರಾಸಾಯನಿಕಗಳೇ ಅನಿಲಕ್ಕೆ ಕಾರಣ ಎಂದು ಹೆಚ್ಚಿನ ವಿಜ್ಞಾನಿಗಳು ತೀರ್ಮಾನಿಸಿದರು. ಆ ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ ಮಾತ್ರ 2021ರಲ್ಲಿ ತೀರಿಕೊಳ್ಳುವವರೆಗೂ ಅದು ಜೀವಿಯ ಗುರುತೇ ಎಂದು ವಾದಿಸಿದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣವನ್ನು ಪತ್ತೆ ಮಾಡಿತು. ಕಾಯಿಸಿದಾಗ ಈ ಲವಣ ಸಾವಯವ ವಸ್ತುವನ್ನು ಸುಟ್ಟು ಹಾಳುಮಾಡುತ್ತದೆ. ಸಾವಯವ ವಸ್ತುವನ್ನು ಹುಡುಕಲು ವೈಕಿಂಗ್ ಮಾಡಿದ್ದು ಮಣ್ಣು ಕಾಯಿಸುವ ಕೆಲಸವನ್ನೇ! ಮುಂದೆ ಕ್ಯೂರಿಯಾಸಿಟಿ ಅಲ್ಲಿ ಸಾವಯವ ವಸ್ತುವನ್ನು ಕಂಡಿತು. ‘ಇದೆ’ ಎನ್ನಲು ಎಷ್ಟು ಎಚ್ಚರ ಬೇಕೋ ‘ಇಲ್ಲ’ ಎನ್ನಲೂ ಅಷ್ಟೇ ಎಚ್ಚರ ಬೇಕು.

ಹೈದರಾಬಾದಿನಿಂದ ಹಾರಿದ ಬಲೂನು

ಜೀವಿಗಳನ್ನು ಹುಡುಕಲು ಮಂಗಳಕ್ಕೇ ಹೋಗಬೇಕೆಂದಿಲ್ಲ, ಅವು ಧೂಮಕೇತುಗಳ ಧೂಳಿನೊಡನೆ ಭೂಮಿಯ ಮೇಲೆ ಉದುರುತ್ತಿರಬಹುದು ಎಂಬ ವಾದವೊಂದಿದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಇದರ ದೊಡ್ಡ ಪ್ರತಿಪಾದಕರು. ಅವರ ಶಿಷ್ಯರು ನಮ್ಮ ಜಯಂತ ನಾರ್ಳೀಕರ್. ಇದನ್ನು ಪರೀಕ್ಷಿಸಲು ಇಸ್ರೊ ನೆರವಿನಿಂದ 2005ರ ಏಪ್ರಿಲ್ 20ರಂದು ಹೈದರಾಬಾದಿನಿಂದ ದೊಡ್ಡ ಬಲೂನೊಂದನ್ನು ಹಾರಿಸಿದರು. ನಾರ್ಳೀಕರ್ ಪ್ರಧಾನ ಸಂಶೋಧಕರು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ ಇಸ್ರೊ ಅಧ್ಯಕ್ಷರಾಗಿದ್ದ ಪ್ರೊ. ಯು. ಆರ್. ರಾವ್ ಮಾರ್ಗದರ್ಶಕರು.

ಕ್ರಿಮಿಶುದ್ಧಿ ಮಾಡಿದ ಉಕ್ಕಿನ ಸಿಲಿಂಡರುಗಳು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದವು. ಪ್ರಯೋಗಾಲಯದಲ್ಲಿ 12 ಬಗೆಯ ಬ್ಯಾಕ್ಟೀರಿಯಾ, 6 ಬಗೆಯ ಶಿಲೀಂಧ್ರ ಬೆಳೆದವು. ಅವುಗಳಲ್ಲಿ ಮೂರು ಬ್ಯಾಕ್ಟೀರಿಯಾಗಳು ಅದುವರೆಗೆ ಯಾರೂ ಕಾಣದವು. ಒಂದಕ್ಕೆ ಹಾಯ್ಲ್ ಹೆಸರು, ಇನ್ನೊಂದಕ್ಕೆ ಇಸ್ರೊ ಹೆಸರು, ಮತ್ತೊಂದಕ್ಕೆ ಆರ್ಯಭಟನ ಹೆಸರು ಇಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗುರುವಿನ ವಾದ ಗೆಲ್ಲುವ ಅವಕಾಶ ಶಿಷ್ಯನ ಕೈಯಲ್ಲಿದೆ. ಆಕಾಶದಿಂದ ತಂದ ಜೀವಿ ಭೂಮಿಯ ಪಟ್ಟಿಯಲ್ಲಿಲ್ಲ. ಆದರೂ 2009ರಲ್ಲಿ ಇಸ್ರೊ ಫಲಿತಾಂಶ ಪ್ರಕಟಿಸಿದಾಗ, ಇವು ಭೂಮಿಯ ಹೊರಗಿನಿಂದ ಬಂದವು ಎಂಬುದು ಇದರಿಂದ ಖಚಿತವಾಗಿ ಸಾಬೀತಾಗುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿತು.

ಆ ಎಚ್ಚರ ಎಷ್ಟು ಸರಿ ಎಂಬುದು ಮುಂದೆ ತಿಳಿಯಿತು. ಆರ್ಯಭಟನ ಹೆಸರಿನ ಅದೇ ಬ್ಯಾಕ್ಟೀರಿಯಾ ಪ್ರಭೇದ ಸೋಯಾ ಹೊಲದ ಮಣ್ಣಿನಲ್ಲಿ, ಚಹಾ ಗಿಡದ ಬೇರಿನ ಸುತ್ತಲ ಮಣ್ಣಿನಲ್ಲಿ ಸಿಕ್ಕಿತು. ಅದು ಹೊಸದಾಗಿದ್ದದ್ದು ನಮ್ಮ ಪಟ್ಟಿಗೆ, ಭೂಮಿಗಲ್ಲ. ನಮ್ಮ ಕಾಲಡಿಯ ಒಂದು ಹಿಡಿ ಮಣ್ಣಿನಲ್ಲಿ ಹೆಸರಿಡದ ಜೀವಿಗಳು ಇನ್ನೆಷ್ಟಿವೆಯೋ!

ಚುಕ್ಕೆ ಬಂಡೆ, ಹಿಮದಡಿಯ ಕಡಲು

ಹಳೆಯ ಜೀವಿಗಳ ಗುರುತನ್ನು ಕಲ್ಲಿನಲ್ಲಿ ಓದುವ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ 250 ಕೋಟಿ ವರ್ಷಗಳಿಗೂ ಹಿಂದಿನ ಸ್ಟ್ರೊಮ್ಯಾಟೊಲೈಟ್ ಎಂಬ ಪದರಗಲ್ಲುಗಳಿವೆ. ಅಂದಿನ ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿ, ಪದರದ ಮೇಲೆ ಪದರ ಕಟ್ಟಿದ ಗುರುತು ಅದು. ಜೀವಿ ಕರಗಿಹೋಗಿದೆ, ಅದು ಕಟ್ಟಿದ ಪದರ ಉಳಿದಿದೆ.

ಮಂಗಳದಲ್ಲೂ ಒಂದು ಕಾಲಕ್ಕೆ ಹೊಳೆ, ಕೆರೆಗಳಿದ್ದವು. 2021ರಲ್ಲಿ ಪರ್ಸಿವಿಯರೆನ್ಸ್ ರೋವರ್ ಇಳಿದದ್ದು ಅಂಥ ಒಣಗಿದ ಕೆರೆಯಂಗಳದಲ್ಲಿ. 2024ರಲ್ಲಿ ಅದಕ್ಕೆ ಚಿರತೆಯ ಮೈಮೇಲಿನಂತೆ ಚುಕ್ಕೆಗಳಿರುವ ಬಂಡೆಯೊಂದು ಸಿಕ್ಕಿತು. ಚುಕ್ಕೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಕಬ್ಬಿಣದ ಸಲ್ಫೈಡ್ ಖನಿಜಗಳಿರುವಂತಿದೆ, ಜೊತೆಗೆ ಸಾವಯವ ವಸ್ತುವೂ ಇದೆ. ಭೂಮಿಯಲ್ಲಿ ಇಂಥವು ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಉಂಟಾಗುವುದುಂಟು. 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿಜ್ಞಾನಿಗಳು ಇದನ್ನು ‘ಜೀವಿಯ ಗುರುತು ಇರಬಹುದಾದದ್ದು’ ಎಂದು ಕರೆದರೇ ಹೊರತು ‘ಜೀವಿಯ ಗುರುತು’ ಎನ್ನಲಿಲ್ಲ. ಆ ‘ಇರಬಹುದಾದ’ ಎಂಬ ಮಾತಿಗೆ ತೂಕವಿದೆ. ಬಂಡೆಯ ತುಣುಕನ್ನು ಕೊರೆದು ನಳಿಕೆಯಲ್ಲಿ ಮುಚ್ಚಿಟ್ಟಿದ್ದಾರೆ. ಅದನ್ನು ಭೂಮಿಗೆ ತಂದು ಪರೀಕ್ಷಿಸಿದರೆ ಮಾತ್ರ ವಿಷಯ ಇತ್ಯರ್ಥವಾದೀತು.

ಹುಡುಕಾಟ ಮಂಗಳದಲ್ಲೇ ನಿಂತಿಲ್ಲ. ಗುರುವಿನ ಉಪಗ್ರಹ ಯುರೋಪಾದ ಹಿಮದ ಹೊದಿಕೆಯಡಿ, ಭೂಮಿಯ ಕಡಲುಗಳೆಲ್ಲ ಸೇರಿದರೂ ಮೀರುವಷ್ಟು ನೀರಿದೆ ಎಂದು ಅಂದಾಜು. 2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಬೇಕಾಗಿದೆ. ಶನಿಯ ಪುಟ್ಟ ಉಪಗ್ರಹ ಎನ್ಸೆಲಾಡಸ್‌ನ ದಕ್ಷಿಣ ಧ್ರುವದಿಂದ ನೀರಿನ ಬುಗ್ಗೆಗಳು ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಆ ನೀರಿನಲ್ಲಿ ಉಪ್ಪು, ಜಲಜನಕ, ಫಾಸ್ಫೇಟ್ ಇವೆ. ನಮ್ಮ ಹಳೆಯ ಪರಿಚಯದ ಮೀಥೇನ್ ಕೂಡ ಇದೆ! ಇಂಧನ ಮುಗಿಯುತ್ತ ಬಂದಾಗ, 2017ರ ಸೆಪ್ಟೆಂಬರ್ 15ರಂದು, ಕ್ಯಾಸಿನಿಯನ್ನು ಬೇಕೆಂದೇ ಶನಿಗ್ರಹದೊಳಗೆ ಧುಮುಕಿಸಿ ಸುಟ್ಟುಹಾಕಿದರು. ನೌಕೆಗೆ ಅಂಟಿಕೊಂಡು ಹೋಗಿದ್ದ ಭೂಮಿಯ ಸೂಕ್ಷ್ಮಜೀವಿಯೇನಾದರೂ ಆ ಉಪಗ್ರಹಗಳಿಗೆ ಬಿದ್ದೀತು ಎಂಬ ಭಯ. ಅಲ್ಲಿ ನಮ್ಮ ಕೊಳೆಯನ್ನೇ ಚೆಲ್ಲಿ, ಮುಂದೊಂದು ದಿನ ‘ಜೀವಿ ಸಿಕ್ಕಿತು’ ಎಂದು ಕುಣಿದಾಡುವಂತೆ ಆಗಬಾರದಲ್ಲ!

ರೆಕಾರ್ಡ್ ಪುಸ್ತಕದ 9.8

ಈಗ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾತು. ಲೋಲಕವನ್ನು ತೂಗಿಸಿ ಗುರುತ್ವದ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ ಎಲ್ಲರಿಗೂ ಗೊತ್ತು. ಉತ್ತರ 9.8 ಬರಬೇಕೆಂಬುದೂ ಗೊತ್ತು. ಎಷ್ಟೋ ಮಕ್ಕಳು ಮೊದಲು 9.8 ಬರೆದುಕೊಂಡು, ಅದಕ್ಕೆ ಹೊಂದುವಂತೆ ಹಿಂದಿನಿಂದ ಅಂಕಿಗಳನ್ನು ತುಂಬುತ್ತಾರೆ. ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತದೆ, ಅಂಕ ಸಿಗುತ್ತದೆ. ತನಗೆ 9.3 ಬಂತು ಎಂದು ಇದ್ದದ್ದನ್ನು ಇದ್ದಂತೆ ಬರೆದ ಹುಡುಗ ಬೈಸಿಕೊಳ್ಳುತ್ತಾನೆ. ನಿಜವಾಗಿ ಪ್ರಯೋಗ ಮಾಡಿದವನು ಅವನೇ. ದಾರದ ಉದ್ದ ಅಳೆದದ್ದು ತಪ್ಪಿತೇ, ತೂಗಾಟ ಎಣಿಸಿದ್ದು ತಪ್ಪಿತೇ ಎಂದು ಅವನು ಹುಡುಕಹೊರಟರೆ, ಮೀಥೇನಿನ ಒಗಟಿನ ಮುಂದೆ ಕುಳಿತ ವಿಜ್ಞಾನಿಯ ದಾರಿಯನ್ನೇ ಹಿಡಿದಂತಾಯಿತು. ಶಾಲೆಯಲ್ಲಿ ಆ ಹುಡುಗನನ್ನು ಗದರಿಸಿ ಸುಮ್ಮನಾಗಿಸಿದರೆ, ಬ್ಯಾಲಾಳಿನಲ್ಲಿ ನಾಳೆ ಯಾರು ಕೂರಬೇಕು?

ಪೋಷಕರೇ, ಮಗು ಮನೆಗೆ ಬಂದು ‘ನನ್ನ ಉತ್ತರ ಪುಸ್ತಕದಂತೆ ಬರಲಿಲ್ಲ’ ಎಂದರೆ ದಯವಿಟ್ಟು ರೇಗಬೇಡಿ. ಏಕೆ ಬರಲಿಲ್ಲ ಎಂದು ಜೊತೆಯಲ್ಲಿ ಕುಳಿತು ಯೋಚಿಸಿ. ಮೊಬೈಲಿನಲ್ಲಿ ‘ಮಂಗಳದಲ್ಲಿ ಜೀವಿ ಪತ್ತೆ’ ಎಂಬ ವಿಡಿಯೊ ಬಂದಾಗಲೂ ಮಗುವಿನೊಡನೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಳೆದವರು ಯಾರು? ಬೇರೆ ಉಪಕರಣಕ್ಕೂ ಅದು ಕಂಡಿತೇ? ಜೀವಿ ಇಲ್ಲದೆಯೂ ಅದು ಆಗಬಹುದೇ?

ಮಾಡಿ ನೋಡಿ

ಮೂರು ಖಾಲಿ ಬಾಟಲಿ, ಮೂರು ಬಲೂನು ತೆಗೆದುಕೊಳ್ಳಿ. ಮೊದಲನೆಯ ಬಾಟಲಿಗೆ ಉಗುರುಬೆಚ್ಚಗಿನ ಬೆಲ್ಲದ ನೀರು ಮತ್ತು ಬೇಕರಿಯವರು ಬಳಸುವ ಯೀಸ್ಟ್ ಒಂದು ಚಮಚ ಹಾಕಿ. ಎರಡನೆಯದಕ್ಕೂ ಅದನ್ನೇ ಹಾಕಿ, ಆದರೆ ಯೀಸ್ಟನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ ಆರಿಸಿರಬೇಕು. ಕುದಿಸುವ ಕೆಲಸ ದೊಡ್ಡವರು ಮಾಡಲಿ. ಮೂರನೆಯದಕ್ಕೆ ಅಡುಗೆ ಸೋಡ ಮತ್ತು ನಿಂಬೆರಸ. ಬಾಟಲಿಗೆ ಮುಚ್ಚಳ ಹಾಕಬೇಡಿ, ಬಾಯಿಗೆ ಬಲೂನು ಸಿಕ್ಕಿಸಿ.

ಮೊದಲನೆಯದೂ ಮೂರನೆಯದೂ ಉಬ್ಬಬೇಕು. ಬಲೂನನ್ನಷ್ಟೇ ನೋಡಿದವರಿಗೆ ಜೀವಿ ಯಾವುದರಲ್ಲಿದೆ ಎಂದು ತಿಳಿಯುವುದಿಲ್ಲ. ಉಬ್ಬಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಮಾರನೆಯ ದಿನ ಎಲ್ಲದಕ್ಕೂ ಮತ್ತೊಮ್ಮೆ ಬೆಲ್ಲದ ನೀರು ಬಡಿಸಿ, ಯಾವುದು ಮತ್ತೆ ಉಂಡಿತು ಎಂದು ನೋಡಿ. ವೈಕಿಂಗ್ ಮಾಡಿದ್ದೂ ಇದನ್ನೇ. ಕಂಡದ್ದನ್ನು ಕಂಡ ಹಾಗೆಯೇ ಬರೆಯಿರಿ. ಬಲೂನು ಉಬ್ಬದಿದ್ದರೆ ಉಬ್ಬಲಿಲ್ಲ ಎಂದೇ ಬರೆದು, ಏಕಿರಬಹುದು ಎಂಬ ನಿಮ್ಮ ಊಹೆಯನ್ನು ಅದರ ಕೆಳಗೆ ಬರೆಯಿರಿ.